ಟ್ಯಾಂಕಿಗೆ ಹೇಳುವ ಮಾತು

ನಮ್ಮೂರಿನಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡುವವನು ಮೊದಲು ಪಾನಾ ಹಿಡಿಯುವುದಿಲ್ಲ. ಗಾಡಿ ತಳ್ಳಿಕೊಂಡು ಬೆವರು ಸುರಿಸುತ್ತ ಬಂದವರನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳುತ್ತಾನೆ: "ಎಲ್ಲಿಗೆ ಹೊಂಟೀನಿ ಅಂತ ಹೇಳಿದ್ರಿ?" ಹತ್ತರಲ್ಲಿ ಆರು ಗಾಡಿಗಳು ಅಲ್ಲೇ ರಿಪೇರಿಯಾಗುತ್ತವೆ. ಯಾಕೆಂದರೆ ನಮ್ಮೂರ ಗಡಿಯೊಳಗೆ ಹೊಸದಿರಲಿ ಹಳೆಯದಿರಲಿ, ಇಲ್ಲಿಯದಿರಲಿ ಹೊರಗಿನದಿರಲಿ, ಸವಾರ ಟ್ಯಾಂಕಿನ ಮೇಲೆ ಬಾಗಿ ತಾನು ಎಲ್ಲಿಗೆ, ಯಾಕೆ ಹೊರಟಿದ್ದೇನೆಂದು ಬಾಯಿಬಿಟ್ಟು ಹೇಳುವ ತನಕ ಯಾವ ಬೈಕೂ ಸ್ಟಾರ್ಟ್ ಆಗುವುದಿಲ್ಲ. ಹೇಳಿದ್ದು ನಿಜವೂ ಆಗಿರಬೇಕು.

ಹುಟ್ಟಿದಾಗಿನಿಂದ ಇದರಲ್ಲೇ ಬೆಳೆದ ನಮಗೆ ಇದೊಂದು ತೊಂದರೆ ಅನ್ನಿಸಿಲ್ಲ. ಒಬ್ಬರು ಟ್ಯಾಂಕಿಗೆ ಬಾಗಿದರೆ ಪಕ್ಕದವರು ಮುಖ ತಿರುಗಿಸಿ ಮೋಡ ನೋಡುತ್ತಾರೆ, ಅದು ಮರ್ಯಾದೆ. ಗಟ್ಟಿಯಾಗಿ ಹೇಳಿಕೊಳ್ಳುವವರನ್ನು ಬಾಯಿಬಡುಕರು ಅನ್ನುತ್ತೇವೆ. ಊರಿನ ಇಬ್ಬರು ಪುಢಾರಿಗಳು ಸೈಕಲ್ಲಿನಲ್ಲೇ ಓಡಾಡುತ್ತಾರೆ, ಕೇಳಿದರೆ ಪರಿಸರದ ಕಾಳಜಿ ಎನ್ನುತ್ತಾರೆ. ಉಳಿದವರು ಮೆಕ್ಯಾನಿಕ್ಕನ ಹತ್ತಿರ ಬರುತ್ತಾರೆ. ಅಂದರೆ ನನ್ನ ಹತ್ತಿರ, ಬಾಳೇಶ ಮೇಸ್ತ್ರಿಯ ಹತ್ತಿರ. "ಬ್ಯಾಂಕಿಗೆ ಅಂತ ಹೇಳೀನಿ ಮೇಸ್ತ್ರಿ, ಉಸಿರು ಬಿಡವಲ್ದು" ಎಂದು ಶುರುಮಾಡಿ, ಎರಡು ನಿಮಿಷ ತಲೆ ಕೆರೆದು, ಕೊನೆಗೆ ನಿಜ ಹೇಳುತ್ತಾರೆ. ನಾನು ತಲೆಯಾಡಿಸಿ ಪ್ಲಗ್ ಬಿಚ್ಚಿ ಉಫ್ ಎಂದು ಊದಿ ಹಾಕಿಕೊಡುತ್ತೇನೆ. ಊದುವುದು ಅವರ ಮಾನ ಉಳಿಸಲು.

ಭಾನುವಾರ ಬೆಳಿಗ್ಗೆ ನಮ್ಮ ಸವಾರಿ ಸಂಘದ ಹದಿನೇಳು ಬೈಕುಗಳು ಮುಚ್ಚಿದ ಟಾಕೀಸಿನ ಮುಂದೆ ಸಾಲುಗಟ್ಟುತ್ತವೆ. ಹೊಳೆಯುವ ಸೈಲೆನ್ಸರು, ಹಿತ್ತಾಳೆ ಹಾರನ್ನು, ಒಬ್ಬೊಬ್ಬರ ಟ್ಯಾಂಕಿನ ಮೇಲೆ ಒಂದೊಂದು ಬಣ್ಣದ ಗೆರೆ. ಸಂಘದ ನಿಯಮ ಒಂದೇ: ಎಲ್ಲರೂ "ಸುಮ್ನ ತಿರಗಾಕ" ಎಂದು ಹೇಳಿಯೇ ಕಿಕ್ ಹೊಡೆಯಬೇಕು. ಇದಕ್ಕಿಂತ ಕಷ್ಟದ ಮಾತು ಇನ್ನೊಂದಿಲ್ಲ. ಹುಡುಗರ ಗಾಡಿಗಳು ಕೆಮ್ಮಿ ಸುಮ್ಮನಾಗುತ್ತವೆ, ಮನಸ್ಸಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಮುಂದೆ ಹಾಯುವ ಆಸೆ ಇರುತ್ತದಲ್ಲ. ನಡುವಯಸ್ಸಿನವರದು ಇನ್ನೂ ಕಷ್ಟ, ಮನೆಯಿಂದ ತಪ್ಪಿಸಿಕೊಳ್ಳಲು ಬಂದಿರುತ್ತಾರೆ. ನನಗೆ ಸುಮ್ಮನೆ ಹೋಗುವುದು ಸಾಧ್ಯವಾದದ್ದು ನಲವತ್ತು ದಾಟಿದ ಮೇಲೆ. ಇಂದ್ರವ್ವನಿಗೆ ಮಾತ್ರ ಇಪ್ಪತ್ತನಾಲ್ಕನೆಯ ವಯಸ್ಸಿಗೆ, ಸಂಘಕ್ಕೆ ಬಂದ ಮೊದಲ ದಿನವೇ, ಮೊದಲ ಕಿಕ್ಕಿಗೇ ಸಾಧ್ಯವಾಯಿತು. ಅಂಥ ಸವಾರಳನ್ನು ನಾನು ಮತ್ತೆ ಕಂಡಿಲ್ಲ.

ಆ ಇಂದ್ರವ್ವನನ್ನು ಬೈಕಿನಿಂದ ಇಳಿಸಿದವನು ನಾನು. ಹದಿಮೂರು ವರ್ಷದ ಹಿಂದಿನ ಒಂದು ಗುರುವಾರ ಅವಳು ಗಾಡಿ ತಳ್ಳಿಕೊಂಡು ಬಂದಳು. ಟೇಲರ್ ಅಂಗಡಿಗೆ ಎಂದು ಹೇಳಿದ್ದಳಂತೆ. "ಖರೇ ಎಲ್ಲಿಗೆ?" ಎಂದೆ. ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಒಮ್ಮೆ ಹೇಳಿ ಮಾಡಿದ್ದು ಸಾಕು. ನಾಚಿಕೆಪಡುವಂಥದ್ದೇನೂ ಅಲ್ಲ, ಆದರೆ ಅದು ಅವಳದು. ಅವತ್ತು ಸಂಜೆ ಕ್ಷೌರದ ಅಂಗಡಿಯಲ್ಲಿ ಅರ್ಧ ಮುಖಕ್ಕೆ ಸೋಪು ಬಳಿದುಕೊಂಡು ಕೂತಿದ್ದಾಗ ನನ್ನ ನಾಲಿಗೆ ತುರಿಸಿತು. ಇಂಥ ಸುದ್ದಿ ನನ್ನೊಬ್ಬನಿಗೇ ಗೊತ್ತು ಎಂಬುದು ಎಂಥ ಸುಖ, ಹೇಳಿದರೆ ಮಾತ್ರ ಸಿಗುವ ಸುಖ. ಹೇಳಿಬಿಟ್ಟೆ. ಮರುದಿನ ಬೆಳಗಾಗುವುದರಲ್ಲಿ ಊರಿಗೆಲ್ಲ ಗೊತ್ತಾಗಿ, ನಿಶ್ಚಯವಾಗಿದ್ದ ಅವಳ ಮದುವೆ ಮುರಿಯಿತು.

ಅಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಯಾರು ಹೇಳಿದವರು ಎಂಬ ಪ್ರಶ್ನೆ ಎದ್ದಿತು. ಗುಟ್ಟು ಬಿಡುವ ಮೆಕ್ಯಾನಿಕ್ಕನ ಹತ್ತಿರ ಯಾರು ಗಾಡಿ ತರುತ್ತಾರೆ? "ನಂಗೇನ್ ಗೊತ್ರೀ, ಆಕೀನ ಟ್ಯಾಂಕಿಗೆ ಹೇಳೂವಾಗ ಒದರಿದ್ಲು, ಬೀದಿಗೆಲ್ಲಾ ಕೇಳ್ತು" ಎಂದೆ. ಊರು ನಂಬಿತು. ನನ್ನಿಂದ ಕೇಳಿದ್ದ ಕ್ಷೌರದವನು ತಾನೂ ಹಬ್ಬಿಸಿದ್ದರಿಂದ ಬಾಯಿ ಬಿಡಲಿಲ್ಲ, ಮುಂದಿನ ವರ್ಷ ಊರನ್ನೇ ಬಿಟ್ಟ. ಇಂದ್ರವ್ವನಿಗೆ ಬಾಯಿಬಡುಕಿ ಎಂಬ ಹೆಸರು ಅಂಟಿತು. ಅವಳು ಬೈಕು ಮಾರಿ, ರೈಲ್ವೆ ಗೇಟಿನ ಆಚೆ ಹಿಟ್ಟಿನ ಗಿರಣಿ ಹಾಕಿಕೊಂಡು, ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗತೊಡಗಿದಳು. ನನ್ನ ಗ್ಯಾರೇಜಿನ ಮುಂದೆ ಹಾಯುವಾಗ ಈ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಅಂಗಡಿ ಮಾತ್ರ ಚೆನ್ನಾಗಿ ನಡೆಯಿತು.

ಹೀಗಿರುವಾಗ ಸಿನಿಮಾದವರು ಬಂದರು. ದೊಡ್ಡ ಸಿನಿಮಾ ಅಲ್ಲ. ಎರಡು ಬೈಕು, ಮೂರು ಜನ, ಬಾಡಿಗೆಗೆ ತಂದ ಒಂದು ಕ್ಯಾಮೆರಾ. ನಿರ್ದೇಶಕಿಯ ಹೆಸರು ಯಾಮಿನಿ, ಇಪ್ಪತ್ತೆಂಟು ಇಪ್ಪತ್ತೊಂಬತ್ತರ ಹುಡುಗಿ. ಅವಳ ಹೆಲ್ಮೆಟ್ಟಿನ ತುಂಬ ಎಲ್ಲೆಲ್ಲಿಯೋ ಊರುಗಳ ಸ್ಟಿಕ್ಕರು. ಕ್ಯಾಮೆರಾ ಹಿಡಿಯುವವನು ಜೋಯಲ್, ಮಾತು ಕಡಿಮೆ. ಮೂರನೆಯವನು ನಟ ಉದಯಭಾನು, ಕನ್ನಡಿ ಕಂಡಲ್ಲೆಲ್ಲ ನಿಲ್ಲುವವನು. ಕೋಲಿಗೆ ಕಟ್ಟಿದ ಮೈಕನ್ನು ಯಾಮಿನಿಯೇ ಹಿಡಿಯುತ್ತಿದ್ದಳು. ಕಥೆ ಎಂಟು ವರ್ಷ ಮಾತು ಬಿಟ್ಟ ಅಣ್ಣ ತಮ್ಮಂದಿರದು. ದೇಶವೆಲ್ಲ ಬೈಕಿನಲ್ಲಿ ಅಲೆದ ತಮ್ಮ ಕೊನೆಗೆ ಟ್ಯಾಂಕಿಗೆ ಬಾಗಿ, "ತಪ್ಪು ನಂದೇ ಅಂತ ಹೇಳೋಕೆ ಹೋಗ್ತಿದೀನಿ" ಎಂದು ಕಿಕ್ ಹೊಡೆದು ಹೊರಡಬೇಕು. ಅವನು ತಿರುವಿನಲ್ಲಿ ಮರೆಯಾಗುವ ತನಕ ಒಂದೇ ಶಾಟ್. ಉಳಿದದ್ದನ್ನೆಲ್ಲ ಬೇರೆ ಕಡೆ ತೆಗೆದು ಮುಗಿಸಿದ್ದರು, ಇದೊಂದಕ್ಕಾಗಿ ನಮ್ಮೂರಿಗೆ ಬಂದಿದ್ದರು.

"ಬೇರೆ ಊರಲ್ಲಿ ನಟ ಚೆನ್ನಾಗಿ ಸುಳ್ಳು ಹೇಳಿದ್ರೆ ಸಾಕು, ಜನ ನಂಬ್ತಾರೆ. ಇಲ್ಲಿ ಅದು ನಡೆಯಲ್ಲ. ಅದಕ್ಕೇ ಬಂದೆ" ಎಂದಳು ಯಾಮಿನಿ. ನನಗೆ ಅವಳ ಮಾತು ಪೂರ್ತಿ ತಿಳಿಯಲಿಲ್ಲ, ಆದರೆ ಕುತೂಹಲ ನನ್ನ ಹಳೆಯ ರೋಗ. ಗ್ಯಾರೇಜಿನ ಮುಂದಿನ ರಸ್ತೆಯೇ ಶೂಟಿಂಗಿಗೆ ಒಪ್ಪಿಗೆಯಾಯಿತು. ಬೈಕು ಹದವಾಗಿಡುವ ಕೆಲಸ ನನ್ನದಾಯಿತು.

ಉದಯಭಾನು ಮೊದಲ ದಿನ ನಲವತ್ತೊಂದು ಸಲ ಕಿಕ್ ಹೊಡೆದ. ಅಳು ತರಿಸುವಂತೆ ಹೇಳಿದ, ಪಿಸುಗುಟ್ಟಿದ, ಒಮ್ಮೆ ನಿಜವಾಗಿಯೂ ಅತ್ತ. ಬೈಕು ಮಿಸುಕಲಿಲ್ಲ. ಮಾತು ನಿಜವಾಗಲೆಂದು ತನ್ನ ಸ್ವಂತ ಅಣ್ಣನಿಗೆ ಫೋನ್ ಮಾಡಿ ಯಾವುದೋ ಹಳೆಯ ಜಗಳಕ್ಕೆ ಕ್ಷಮೆ ಕೇಳಿದ. ಕೇಳಿ ಮುಗಿದ ಮೇಲೆ ಹೋಗಿ ಹೇಳುವುದೇನೂ ಉಳಿಯಲಿಲ್ಲವಲ್ಲ, ಬೈಕು ಆಗಲೂ ಏಳಲಿಲ್ಲ. ಸಂಜೆಗೆ ಮೊಣಕಾಲು ಊದಿತ್ತು. ಜೋಯಲ್ ಹೇಳಿದ ಉಪಾಯದಂತೆ "ಶೂಟಿಂಗಿಗೆ ಆ ತಿರುವಿನವರೆಗೆ ಹೋಗಿ ಬರ್ತೀನಿ" ಎಂದಾಗ ಒಂದೇ ಕಿಕ್ಕಿಗೆ ಹೊರಟಿತು. ಮಾತನ್ನು ಬೇರೆಯಾಗಿ ತೆಗೆದು ಜೋಡಿಸಿದರಾಯಿತು ಎಂದ ಜೋಯಲ್. ಯಾಮಿನಿ ತೆಗೆದದ್ದನ್ನು ನೋಡಿ ತಲೆಯಾಡಿಸಿದಳು. "ತಿರುವಿನವರೆಗೆ ಹೋಗೋನು ಹೋದ ಹಾಗೇ ಕಾಣ್ತಿದೆ. ಕತ್ತರಿಸಿ ಅಂಟಿಸೋದಾದ್ರೆ ಇಲ್ಲಿಗೆ ಯಾಕೆ ಬರಬೇಕಿತ್ತು?"

ನಾನೂ ನೋಡಿದೆ. ಅವಳ ಮಾತು ನಿಜ. ಬೆನ್ನಿನಲ್ಲಿ ಗೊತ್ತಾಗುತ್ತಿತ್ತು.

ತಮ್ಮನ ಜಾಗದಲ್ಲಿ ಬೇರೆಯವರ ಮುಖ ಬಂದರೂ ಅಡ್ಡಿಯಿಲ್ಲ, ಮಾತು ನಿಜವಾಗಿರಲಿ ಎಂದು ಮರುದಿನ ಅವಳು ಊರಿಗೇ ಡಂಗುರ ಹೊಡೆಸಿದಳು: ಯಾರು ಬೇಕಾದರೂ ಬರಬಹುದು, ಆ ಮಾತು ಹೇಳಿ ಬೈಕು ಸ್ಟಾರ್ಟ್ ಆದವರೇ ಶಾಟಿನಲ್ಲಿರುತ್ತಾರೆ. ಸಿನಿಮಾದಲ್ಲಿ ಮುಖ ಬರುತ್ತದೆಂದರೆ ಯಾರಿಗೆ ಬೇಡ? ಸಾಲು ಗ್ಯಾರೇಜಿನಿಂದ ಟಾಕೀಸಿನವರೆಗೆ ಬೆಳೆಯಿತು. ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ತರ ಅಡಿವೆಪ್ಪನವರು. ತಾವು ಹಿಂದೆ ಸುಮ್ಮಸುಮ್ಮನೆ ಹೊಡೆದಿದ್ದ ಒಬ್ಬ ಹಳೆಯ ವಿದ್ಯಾರ್ಥಿಯ ಮನೆಗೆ ಹೋಗಿ ತಪ್ಪು ಒಪ್ಪಿಕೊಳ್ಳುತ್ತೇನೆಂದು ಎಲ್ಲರೆದುರು ಸಾರಿ, ಗಂಭೀರವಾಗಿ ಬಾಗಿ, ಕಿಕ್ ಹೊಡೆದರು. ಇಂಜಿನ್ ಸದ್ದಿಲ್ಲ. "ಪ್ಲಗ್ ನೋಡೋ ಬಾಳೇಶ" ಎಂದರು. ಪ್ಲಗ್ ಊದಿ ಕೊಟ್ಟೆ. ಆಗಲೂ ಇಲ್ಲ. ತೊಡೆ ತಟ್ಟುವ ಪೈಲ್ವಾನರು, ಅತ್ತೆ ಸೊಸೆಯರು, ಸಂಘದ ಹದಿನಾರು ಜನ, ಎಲ್ಲರೂ ಹತ್ತಿದರು, ಎಲ್ಲರೂ ಇಳಿದರು. ಇಳಿದವರೆಲ್ಲರದೂ ಒಂದೇ ಸಮಜಾಯಿಷಿ: "ನಂದೇನೂ ತಪ್ಪಿಲ್ಲಲ್ರೀ, ಅದಕ್ಕ ಚಾಲೂ ಆಗವಲ್ದು."

ಮೂರನೆಯ ದಿನಕ್ಕೆ ಊರು ಯಾಕೋ ಮೆತ್ತಗಾಗಿತ್ತು. ಮಾರುಕಟ್ಟೆಯಲ್ಲಿ ಜನ ಒಬ್ಬರ ಮುಖ ಒಬ್ಬರು ತುಸು ಹೆಚ್ಚು ಹೊತ್ತು ನೋಡುತ್ತಿದ್ದರು. ಇನ್ನೂರು ಜನ ಹತ್ತಿ ಇಳಿದಿದ್ದರು, ಬೈಕಿದ್ದವರಲ್ಲಿ ಹತ್ತದೆ ಉಳಿದವನು ನಾನೊಬ್ಬ. ಕೇಳಿದವರಿಗೆಲ್ಲ ಗ್ರೀಸ್ ಮೆತ್ತಿದ ಕೈ ತೋರಿಸುತ್ತಿದ್ದೆ. ಉಳಿದವರಿಗೆ ಸ್ಟಾರ್ಟ್ ಆಗಲಿಕ್ಕಿಲ್ಲವೆಂಬ ಭಯ, ನನಗೆ ಆಗಿಬಿಟ್ಟರೆ ಎಂಬ ಭಯ. ಸ್ಟಾರ್ಟ್ ಆದರೆ ಎಲ್ಲರೂ ಕೇಳುತ್ತಾರಲ್ಲ, ಯಾರ ಹತ್ತಿರ ಹೋಗುತ್ತೀ, ಯಾವ ತಪ್ಪು ಎಂದು. ಅದು ಹೊರಬಿದ್ದ ದಿನ ಗ್ಯಾರೇಜಿಗೆ ಬೀಗವೇ.

"ನಾಳೆ ಕ್ಯಾಮೆರಾ ವಾಪಸ್ ಕೊಡಬೇಕು" ಎಂದಳು ಯಾಮಿನಿ ನಾಲ್ಕನೆಯ ಬೆಳಿಗ್ಗೆ. ಮುಖ ಬಾಡಿತ್ತು. "ಮೇಸ್ತ್ರಿ, ನೀವೊಬ್ರು ಉಳಿದಿದೀರಿ. ಒಂದೇ ಒಂದ್ಸಲ."

ಸುತ್ತ ನಲವತ್ತು ಐವತ್ತು ಜನ. "ಹತ್ತೋ ಬಾಳೇಶ, ನಿಂದೂ ನೋಡೇಬಿಡೂಣು" ಎಂದು ಅಡಿವೆಪ್ಪ ಮಾಸ್ತರರೇ ಬೆನ್ನು ತಟ್ಟಿದರು. ಒಲ್ಲೆನೆಂದರೆ ಅನುಮಾನ ಬರುತ್ತದೆ. ಆಗ ನನಗೊಂದು ಕಳ್ಳ ಯೋಚನೆ ಹೊಳೆಯಿತು. ಪ್ಲಗ್ ನೋಡುವವನಂತೆ ಬಗ್ಗಿ, ಪೆಟ್ರೋಲ್ ಬರುವ ನಲ್ಲಿಯನ್ನು ಸದ್ದಿಲ್ಲದೆ ತಿರುಗಿಸಿ ಬಂದ್ ಮಾಡಿದೆ. ಪೆಟ್ರೋಲ್ ಇಲ್ಲದೆ ಯಾವ ಸತ್ಯವೂ ಇಂಜಿನ್ ಎಬ್ಬಿಸಲಾರದು. ನಾನೂ ಎಲ್ಲರಂತೆ ನಾಲ್ಕು ಕಿಕ್ ಹೊಡೆದು, ನಗುತ್ತ ಇಳಿದರಾಯಿತು.

ಹತ್ತಿದೆ. ಜೋಯಲ್ ಕ್ಯಾಮೆರಾ ಹಿಡಿದ. ಯಾಮಿನಿಯ ಮೈಕು ತಲೆಯ ಮೇಲೆ ಬಂತು. ಬಾಗಿ, ಅವಳು ಕಲಿಸಿದ ಮಾತನ್ನು ನನ್ನ ಮಾತಿನಲ್ಲಿ ಹೇಳಿದೆ: "ತಪ್ಪು ನಂದ ಅಂತ ಹೇಳಾಕ ಹೊಂಟೀನಿ." ಕಿಕ್ ಹೊಡೆದೆ.

ಇಂಜಿನ್ ಎದ್ದಿತು.

ಮೂವತ್ತು ವರ್ಷ ಇದೇ ಕಸುಬು ಮಾಡಿದವನು ಕಾರ್ಬೊರೇಟರಿನ ಬಟ್ಟಲನ್ನು ಮರೆತಿದ್ದೆ ನೋಡಿ! ನಲ್ಲಿ ಬಂದ್ ಮಾಡಿದರೂ ಆ ಬಟ್ಟಲಿನಲ್ಲಿ ಅರ್ಧ ಮೈಲಿಗಾಗುವಷ್ಟು ಪೆಟ್ರೋಲ್ ನಿಂತಿರುತ್ತದೆ. ಕೆಲಸ ಕಲಿಯಲು ಬಂದವರಿಗೆ ಇದನ್ನು ಮೊದಲ ವಾರವೇ ಹೇಳಿಕೊಡುತ್ತೇನೆ. ಆದರೆ ಪೆಟ್ರೋಲ್ ಇದ್ದರಷ್ಟೇ ಸಾಲದು. ನಾನು ಹೇಳಿದ್ದು ನಿಜವಾಗಿತ್ತು, ಅದು ನನಗೇ ಗೊತ್ತಿರಲಿಲ್ಲ. ಜನರ ನಡುವೆ ಒಬ್ಬೊಬ್ಬರ ಬಾಯಿ ತೆರೆದುಕೊಳ್ಳುತ್ತಿದ್ದದ್ದನ್ನು ನೋಡುತ್ತಲೇ ಗೇರ್ ಹಾಕಿದೆ. ತಿರುವು ದಾಟಿದ ಮೇಲೆ ಹಿಂದಿನಿಂದ "ಕಟ್! ಕಟ್! ಸಿಕ್ತು!" ಎಂದು ಯಾಮಿನಿ ಕೂಗುವುದು ಕೇಳಿಸಿತು. ನಾನು ನಿಲ್ಲಲಿಲ್ಲ.

ರೈಲ್ವೆ ಗೇಟಿನ ಹತ್ತಿರ ಬಟ್ಟಲು ಬರಿದಾಗಿ ಗಾಡಿ ನಿಂತಿತು. ಅಲ್ಲಿ ಯಾರೂ ಇರಲಿಲ್ಲ. ಪೆಟ್ರೋಲ್ ಸಾಲಲಿಲ್ಲ ಎಂದು ಹೇಳಿ ತಿರುಗಿ ಹೋಗಬಹುದಿತ್ತು, ಶಾಟ್ ಹೇಗೂ ಸಿಕ್ಕಿತ್ತು. ಎಷ್ಟು ಹೊತ್ತು ನಿಂತೆನೋ, ಒಂದು ಗೂಡ್ಸ್ ಗಾಡಿ ಪೂರ್ತಿ ಹಾಯ್ದುಹೋಯಿತು. ಆಮೇಲೆ ಕೈ ಕೆಳಗಿಳಿಸಿ ನಲ್ಲಿ ತೆರೆದೆ. ಮತ್ತೆ ಬಾಗಿ, ಈ ಸಲ ಹೆಸರು ಸೇರಿಸಿ ಹೇಳಿದೆ. ಒಂದೇ ಕಿಕ್ಕಿಗೆ ಹೊರಟಿತು.

ಗಿರಣಿ ಓಡುತ್ತಿತ್ತು. ಇಂದ್ರವ್ವ ಹುಬ್ಬಿನ ತನಕ ಹಿಟ್ಟು ಮೆತ್ತಿಕೊಂಡು ಜೋಳ ಸುರಿಯುತ್ತಿದ್ದಳು. ನನ್ನನ್ನು ಕಂಡು ಬುಟ್ಟಿ ಕೆಳಗಿಟ್ಟಳು. ನಾನು ಬಾಗಿಲಲ್ಲೇ ನಿಂತು, ಅಷ್ಟು ವರ್ಷದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಕಿವಿಗೆ ಕೈಯಿಟ್ಟು ಕೇಳುವುದಿಲ್ಲವೆಂದು ಸನ್ನೆ ಮಾಡಿ, ಹೋಗಿ ಮೋಟಾರ್ ಬಂದ್ ಮಾಡಿದಳು. ಗಿರಣಿಯ ಬೆಲ್ಟು ನಿಧಾನವಾಗಿ ನಿಂತಿತು.

"ಕ್ಯಾಮೆರಾ ಹಿಂದ ಬಂದೈತೇನು?" ಎಂದಳು.

"ಇಲ್ಲ. ನಾ ಒಬ್ಬನ ಬಂದೀನಿ."

"ಹಂಗಾರ ಈಗ ಹೇಳು."

ಹೇಳಿದೆ. ಕ್ಷೌರದ ಅಂಗಡಿಯಲ್ಲಿ ಬಾಯಿಬಿಟ್ಟದ್ದು ನಾನೆಂದೆ. ನೀನು ಒದರಿರಲಿಲ್ಲ, ಒದರಿದಳೆಂದು ಹುಟ್ಟಿಸಿದವನೂ ನಾನೇ ಎಂದೆ. ಎರಡನೆಯ ಸಲ ಹೇಳುವುದು ಮೊದಲಿನದಕ್ಕಿಂತ ಕಷ್ಟವಾಯಿತು, ಪ್ರತಿ ಮಾತೂ ಕೇಳಿಸುತ್ತಿತ್ತು. ಅವಳು ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು.

"ನನಗ್ಯಾಕ ಹೇಳ್ತಿ ಬಾಳೇಶಣ್ಣ? ನನಗ ಹದಿಮೂರ ವರ್ಷದಿಂದ ಗೊತ್ತೈತಿ. ನಾ ನಿನ್ನೊಬ್ಬನಿಗೇ ಹೇಳಿದ್ದೆ. ಗೊತ್ತಿಲ್ಲದವ್ರಿಗೆ ಹೇಳು ಹೋಗು."

"ಅಲ್ಲಿ ಹೇಳಿದ್ರ ನನ್ನ ಅಂಗಡಿ ಮುಚ್ಚತೈತಿ, ಇಂದ್ರವ್ವ."

"ಹೌದು, ಮುಚ್ಚತೈತಿ" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಲೆಕ್ಕ ಸರಿಯಿದೆ ಎನ್ನುವವರ ಹಾಗಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು.

ಹೊರಗೆ ಬಂದು ಬೈಕಿನ ಮೇಲೆ ಕೂತೆ. ಅವಳು ಬಾಗಿಲಿಗೆ ಒರಗಿ ನಿಂತಳು. ಬಾಗಿ ಹೇಳಿದೆ: "ಎಲ್ಲಾರ ಮುಂದ ಹೇಳಾಕ ಹೊಂಟೀನಿ." ಕಿಕ್ ಹೊಡೆದೆ. ಸದ್ದಿಲ್ಲ. ನಲ್ಲಿ ನೋಡಿದೆ, ತೆರೆದೇ ಇತ್ತು. ಮತ್ತೆ ಹೇಳಿ ಮತ್ತೆ ಹೊಡೆದೆ. ಏಳು ಸಲ ಹೊಡೆದೆ. ಅವಳು ಎಲ್ಲವನ್ನೂ ನೋಡಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನು ಹೇಳುವುದಿಲ್ಲವೆಂದು ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು, ಬೈಕಿಗಂತೂ ಮೊದಲೇ ಗೊತ್ತಿತ್ತು.

ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆಗಿಲ್ಲ. ಬೈಕು ಇಳಿದೆ. ಸ್ಟ್ಯಾಂಡ್ ತೆಗೆದು, ಹ್ಯಾಂಡಲ್ ಹಿಡಿದು ಊರ ಕಡೆ ತಳ್ಳತೊಡಗಿದೆ. ಹೇಳುತ್ತೇನೆಂಬ ಧೈರ್ಯ ಆಗಲೂ ಇರಲಿಲ್ಲ. ಮುಂದಿನ ಕಂಬದ ತನಕ ತಳ್ಳೋಣ ಎಂದುಕೊಂಡೆ. ಅಲ್ಲಿಂದ ಮುಂದಿನ ಕಂಬದ ತನಕ. ಗೇಟಿನ ಹತ್ತಿರ ತಿರುಗಿ ನೋಡಿದರೆ ಇಂದ್ರವ್ವ ಗಿರಣಿಗೆ ಚಿಲಕ ಹಾಕಿ, ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಬರುತ್ತಿದ್ದಳು. ಹತ್ತಿರ ಬರಲಿಲ್ಲ, ಹಿಂದೆಯೂ ಬೀಳಲಿಲ್ಲ.

ಗ್ಯಾರೇಜಿನ ಮುಂದೆ ಜನ ಕರಗಿರಲಿಲ್ಲ, ಇನ್ನಷ್ಟು ಕೂಡಿದ್ದರು. ಯಾಮಿನಿ ಓಡಿ ಬಂದು, "ಎಂಥಾ ಶಾಟ್ ಗೊತ್ತಾ ಮೇಸ್ತ್ರಿ!" ಎಂದವಳು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದಳು. "ಯಾರ ಕಡೆ ಹೋಗಿದ್ದೆಪಾ? ಏನ್ ತಪ್ಪು?" ಎಂದರು ಅಡಿವೆಪ್ಪ ಮಾಸ್ತರರು, ನಗುತ್ತ. ಅಷ್ಟರಲ್ಲಿ ನನ್ನ ಹಿಂದೆ ಬಂದು ನಿಂತವಳನ್ನು ಕಂಡು ಅವರ ನಗು ನಿಂತಿತು.

ಬೈಕಿಗೆ ಸ್ಟ್ಯಾಂಡ್ ಹಾಕಿ ಹೇಳಿದೆ. ಬಹಳ ಉದ್ದ ಏನಿರಲಿಲ್ಲ. "ಇಂದ್ರವ್ವ ಒದರಿರಲಿಲ್ಲ. ಆಕಿ ನನಗ ಹೇಳಿದ್ಲು, ನಾ ಹೊರಗ ಹೇಳಿದೆ. ಮ್ಯಾಲೆ ಸುಳ್ಳು ಹಬ್ಬಿಸಿದೆ. ತಪ್ಪು ನಂದು."

ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೂ ನನಗೆ ಯಾವಾಗ, ಏನೇನು ಹೇಳಿದ್ದರೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದದ್ದು ಕಾಣುತ್ತಿತ್ತು. ಅಡಿವೆಪ್ಪ ಮಾಸ್ತರರು ಒಳಗೆ ಹೋಗಿ, ಸರ್ವಿಸಿಗೆ ಬಿಟ್ಟಿದ್ದ ತಮ್ಮ ಗಾಡಿ ಹೊರಗೆ ತಳ್ಳಿಕೊಂಡು ಬಂದರು. ಅವರ ಹಿಂದೆ ಇನ್ನೊಬ್ಬರು. ಒಂದೊಂದಾಗಿ ಒಂಬತ್ತು ಗಾಡಿಗಳು ಹೊರಬಿದ್ದವು. ಒಬ್ಬರ ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯ ಡಬ್ಬಿಯಲ್ಲಿ ನೆನೆಹಾಕಿದ್ದೆ. ಅವರು ಡಬ್ಬಿಯನ್ನೂ ಸೀಟಿನ ಮೇಲಿಟ್ಟುಕೊಂಡು ಹೋದರು. ಬೀದಿಯ ತುಂಬ ಜನ ಮಾತಿಲ್ಲದೆ ಬೈಕು ತಳ್ಳುತ್ತಿದ್ದರು. ಜೋಯಲ್ ಕ್ಯಾಮೆರಾ ಎತ್ತಿದ, ಯಾಮಿನಿ ಕೈ ಅಡ್ಡ ಹಿಡಿದಳು. ಸ್ವಲ್ಪ ಹೊತ್ತಿನಲ್ಲಿ ಅವರೂ ಸಾಮಾನು ಕಟ್ಟಿಕೊಳ್ಳಲು ಹೋದರು.

ಗ್ಯಾರೇಜು ಇಷ್ಟು ದೊಡ್ಡದಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ನೆಲದ ಮೇಲೆ ಒಂಬತ್ತು ಕಡೆ ಆಯಿಲ್ ಕಲೆ ಮಾತ್ರ ಉಳಿದಿತ್ತು. ಇನ್ನು ಇಂದ್ರವ್ವನೂ ಹೋಗುತ್ತಾಳೆ, ಹೋದ ಮೇಲೆ ಶಟರ್ ಎಳೆಯೋಣ ಎಂದು ಕೊಕ್ಕೆ ಹಿಡಿದು ನಿಂತೆ. ಅವಳು ಒಳಗೆ ಬಂದಳು. ಸುತ್ತ ಒಮ್ಮೆ ನೋಡಿ, ಖಾಲಿ ಆಯಿಲ್ ಡಬ್ಬವೊಂದನ್ನು ಕಾಲಿನಿಂದ ಎಳೆದು, ಅಂಗೈಯಿಂದ ಧೂಳು ಒರೆಸಿ ಕೂತಳು.

"ಚಾ ಹೇಳು" ಎಂದಳು.

ಎದುರಿನ ಹೋಟೆಲಿನವನು ನನ್ನನ್ನೇ ನೋಡುತ್ತಿದ್ದ. ನಾನು ಕೈಯೆತ್ತಿದೆ. ಒಂದು ಎನ್ನಬೇಕೋ ಎರಡು ಎನ್ನಬೇಕೋ ತಿಳಿಯದೆ ಹಾಗೇ ನಿಂತುಬಿಟ್ಟೆ.

"ಎರಡು" ಎಂದಳು ಇಂದ್ರವ್ವ.